ಯುವ ಕಾಂಗ್ರೆಸ್ ಆ್ಯಪ್: ಸೇರುವುದು ಸಲೀಸು, ಮತದ ಲೆಕ್ಕ ಗೋಜಲು

ಬಿಜೆಪಿ ಯುವ ಮೋರ್ಚಾದಲ್ಲಿ ಅಧ್ಯಕ್ಷರ ನೇಮಕ ಮೇಲಿನಿಂದ ಆಗುತ್ತದೆ. ಸಿಪಿಎಂನ ಯುವ ಸಂಘಟನೆ ಡಿವೈಎಫ್‌ಐನಲ್ಲಿ ಸಮ್ಮೇಳನಕ್ಕೆ ಬಂದ ಪ್ರತಿನಿಧಿಗಳು ಸಮಿತಿ ಆರಿಸುತ್ತಾರೆ. ಸಾಮಾನ್ಯ ಸದಸ್ಯನ ಮೊಬೈಲಿಗೇ ರಾಜ್ಯಾಧ್ಯಕ್ಷರ ಆಯ್ಕೆಯ ಮತ ತಂದುಕೊಟ್ಟದ್ದು ಯುವ ಕಾಂಗ್ರೆಸ್ ಆ್ಯಪ್. ಇದು ದೊಡ್ಡ ಹೆಜ್ಜೆ. ಹಾಗಾಗಿಯೇ ಇದರ ಕೊರತೆಗಳನ್ನು ಬಿಡಿಸಿ ಹೇಳಬೇಕು.

ಬಳಸಲು ಕಷ್ಟವಿಲ್ಲ. ವಯಸ್ಸು 18ರಿಂದ 35ರೊಳಗಿರಬೇಕು. ವೋಟರ್ ಐಡಿ, ಫೋಟೊ, ಒಟಿಪಿ ಬರುವ ನಂಬರ್, 50 ರೂಪಾಯಿ ಶುಲ್ಕ ಇದ್ದರಾಯಿತು. ಸದಸ್ಯತ್ವದ ಜೊತೆಜೊತೆಗೇ ರಾಜ್ಯ, ಜಿಲ್ಲೆ, ವಿಧಾನಸಭಾ ಕ್ಷೇತ್ರದ ಹುದ್ದೆಗಳಿಗೆ ಮತ ಒತ್ತಬಹುದು.

ತೊಡಕಿರುವುದು ಈ 'ಜೊತೆಜೊತೆಗೇ' ಎಂಬಲ್ಲಿ. ಅಭ್ಯರ್ಥಿಯಾದವನು ವರ್ಷಗಟ್ಟಲೆ ದುಡಿದ ಕಾರ್ಯಕರ್ತರ ಮನ ಗೆಲ್ಲಬೇಕಿಲ್ಲ, ಹೊಸಬರನ್ನು ತಂದು ತುಂಬಿದರೆ ಸಾಕು. 10,000 ಮಂದಿಯ ಶುಲ್ಕ ತಾನೇ ಕಟ್ಟಿದರೂ ಖರ್ಚು 5 ಲಕ್ಷ. ಫೋನ್ ಹಿಡಿದ ಹುಡುಗನೊಬ್ಬ ಮನೆ ಬಾಗಿಲಲ್ಲಿ ನಿಂತು ಕಾರ್ಡಿನ ಫೋಟೊ ತೆಗೆದು, ಒಟಿಪಿ ಕೇಳಿ ಪಡೆದು, ಮತವನ್ನೂ ತಾನೇ ಒತ್ತಿದರೆ ತಡೆಯುವವರು ಯಾರು? ಸದಸ್ಯನಿಗೆ ಅಭ್ಯರ್ಥಿಯ ಹೆಸರೂ ಗೊತ್ತಿರುವುದಿಲ್ಲ.

ಪರಿಶೀಲನೆ ನಡೆಯುವುದು ಮತದಾನ ಮುಗಿದ ಮೇಲೆ. 2023ರಲ್ಲಿ ಕೇರಳದಲ್ಲಿ ಬಿದ್ದ ಸುಮಾರು 7.29 ಲಕ್ಷ ಮತಗಳಲ್ಲಿ 2.16 ಲಕ್ಷ ಅಸಿಂಧುವಾದವು. ನಕಲಿ ವೋಟರ್ ಐಡಿ ಆರೋಪ ಪೊಲೀಸ್ ತನಿಖೆಯವರೆಗೂ ಹೋಯಿತು. ನಮ್ಮ ರಾಜ್ಯದಲ್ಲಿ 2021ರ ಆನ್‌ಲೈನ್ ಚುನಾವಣೆಯಲ್ಲಿ ಹೆಚ್ಚು ಮತ ಪಡೆದವರನ್ನು ಅನರ್ಹಗೊಳಿಸಿ ಎರಡನೆಯವರನ್ನು ಘೋಷಿಸಿದರು. ಕೊನೆಗೆ ಇಬ್ಬರಿಗೂ ಅಧಿಕಾರಾವಧಿ ಹಂಚಿ ಜಗಳ ಬಗೆಹರಿಸಬೇಕಾಯಿತು. 2024ರಲ್ಲಿ ನಡೆದ ಮತದಾನದ ಫಲಿತಾಂಶ ಹೊರಬಿದ್ದದ್ದು 2025ರಲ್ಲಿ. ಅಷ್ಟು ತಿಂಗಳು ತಾಲ್ಲೂಕು ಮಟ್ಟದ ಹುಡುಗರು ಯಾರ ಮಾತು ಕೇಳಬೇಕು?

ಐದಕ್ಕೆ ಎರಡೂವರೆ ಅಂಕ. ಸದಸ್ಯತ್ವ ಮುಗಿಸಿ, ಪಟ್ಟಿ ಪ್ರಕಟಿಸಿ, ಆಕ್ಷೇಪಣೆ ಕೇಳಿ, ಆರು ತಿಂಗಳು ಬಿಟ್ಟು ಮತದಾನ ಇಟ್ಟರೆ ನಾಲ್ಕು ಕೊಡಬಹುದು.

ಸದ್ಯಕ್ಕೆ ಸೇರುವವರು ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹೆಸರು, ಜನ್ಮದಿನಾಂಕ ಕಾರ್ಡಿನಲ್ಲಿರುವಂತೆಯೇ ಇರಲಿ. ಕಾರ್ಡಿನ ನಾಲ್ಕೂ ಅಂಚು ಕಾಣುವ ಹಾಗೆ, ಬೆಳಕಿನಲ್ಲಿ ಫೋಟೊ ತೆಗೆಯಿರಿ. ಶುಲ್ಕ ನಿಮ್ಮ ಖಾತೆಯಿಂದಲೇ ಹೋಗಲಿ, ರಸೀದಿಯ ಸ್ಕ್ರೀನ್‌ಶಾಟ್ ಫಲಿತಾಂಶ ಬರುವವರೆಗೂ ಅಳಿಸಬೇಡಿ.