ಕರೇಜ್, ಬಿಲ್ಲಿ–ಮ್ಯಾಂಡಿ, ಝಿಮ್: ಮೂರನ್ನೂ ಮತ್ತೆ ನೋಡಿದ ಮೇಲೆ

ಮಕ್ಕಳಿಗೆ ಅಂತ ಮಾಡಿದ ಕಾರ್ಟೂನ್‌ಗಳಲ್ಲಿ ನಿಜಕ್ಕೂ ಹೆದರಿಸುವಂಥವು ಕಡಿಮೆ. ಅಂಥ ಮೂರನ್ನು ಈಚೆಗೆ ಒಂದಾದ ಮೇಲೊಂದು ಮತ್ತೆ ನೋಡಿದೆ: 'ಕರೇಜ್ ದಿ ಕವರ್ಡ್ಲಿ ಡಾಗ್', 'ಬಿಲ್ಲಿ ಅಂಡ್ ಮ್ಯಾಂಡಿ', 'ಇನ್ವೇಡರ್ ಝಿಮ್'. ಹೆಚ್ಚುಕಡಿಮೆ ಒಂದೇ ಕಾಲದವು. ನನ್ನ ಮಟ್ಟಿಗೆ ಗೆದ್ದಿದ್ದು ಕರೇಜ್.

ಬರೀ ನಗು ಬೇಕು ಅಂದ್ರೆ ಮಾತ್ರ ಬಿಲ್ಲಿ–ಮ್ಯಾಂಡಿಯೇ ಮುಂದೆ. ಸಾಕಿದ, ಇಲಿಯಂಥ ಹ್ಯಾಮ್‌ಸ್ಟರ್ ಒಂದರ ಜೀವ ಒಯ್ಯಲು ಸಾವೇ ಕುಡುಗೋಲು ಹಿಡಿದು ಮನೆಗೆ ಬರುತ್ತದೆ, ಮಕ್ಕಳ ಜೊತೆ ಲಿಂಬೋ (ಅಡ್ಡಕೋಲಿನ ಕೆಳಗೆ ಹಿಂದಕ್ಕೆ ಬಾಗಿ ದಾಟುವ) ಆಟದಲ್ಲಿ ಪಂದ್ಯ ಕಟ್ಟಿ ಸೋಲುತ್ತದೆ, ಆಮೇಲೆ ಶಾಶ್ವತವಾಗಿ ಅವರ ಗೆಳೆಯನಾಗಿ ಇರಬೇಕು! ಎಂಥ ಐಡಿಯಾ ಅಲ್ವಾ? ಆದರೆ ಮ್ಯಾಂಡಿಗೆ ಯಾವುದಕ್ಕೂ ಹೆದರಿಕೆಯೇ ಇಲ್ಲ. ಅವಳಿಗಿಲ್ಲದ ಭಯ ನೋಡುವವರಿಗೆ ಎಲ್ಲಿಂದ ಬರಬೇಕು?

ಝಿಮ್ 2001ರಲ್ಲಿ ನಿಕಲೋಡಿಯನ್‌ನಲ್ಲಿ ಬಂತು, ಜೋನೆನ್ ವಾಸ್ಕೆಜ್ ಮಾಡಿದ್ದು. ಮೂರರಲ್ಲಿ ಇದೇ ಜಾಸ್ತಿ ಕರಾಳ. ಒಂದು ಕಂತಿನಲ್ಲಿ, ಬೇರೆ ಗ್ರಹದಿಂದ ಬಂದ ಝಿಮ್ ತಾನು ಮನುಷ್ಯನೇ ಅಂತ ತೋರಿಸಿಕೊಳ್ಳಲು ಶಾಲೆಯ ಮಕ್ಕಳ ಅಂಗಾಂಗಗಳನ್ನೇ ಕದ್ದು ಹೊಟ್ಟೆಗೆ ತುಂಬಿಕೊಳ್ಳುತ್ತಾನೆ. ಅದು ಇಂದಿಗೂ ಮೈ ಜುಮ್ಮೆನಿಸುತ್ತದೆ, ಚಿತ್ರದ ಶೈಲಿಯಂತೂ ಅದ್ಭುತ. ಆದರೆ ಆ ಲೋಕದಲ್ಲಿ ಯಾರಿಗೂ ಯಾರ ಮೇಲೂ ಅಕ್ಕರೆ ಇಲ್ಲ, ಹಾಗಾಗಿ ಸಾಲಾಗಿ ನೋಡಿದರೆ ಸುಸ್ತಾಗುತ್ತದೆ.

ಕರೇಜ್‌ನಲ್ಲಿ ಮ್ಯೂರಿಯಲ್ ಇದ್ದಾಳೆ. ಇಡೀ ವ್ಯತ್ಯಾಸ ಇರುವುದೇ ಅಲ್ಲಿ. ಕಾನ್ಸಾಸ್‌ನ ಬಟಾಬಯಲಲ್ಲಿ ಒಂದೇ ಮನೆ, ಅದರಲ್ಲಿ ಪ್ರೀತಿಯ ಅಜ್ಜಿ, ಸಿಡುಕ ಯೂಸ್ಟಸ್, ಹೆದರುಪುಕ್ಕಲ ನಾಯಿ. ಜಾನ್ ಡಿಲ್ವರ್ತ್ 1996ರಲ್ಲಿ ಮಾಡಿದ ಒಂದು ಕಿರುಚಿತ್ರ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು, ಅದರಿಂದ ಬೆಳೆದ ಸರಣಿ ಇದು. 1999ರಿಂದ 2002ರವರೆಗೆ 52 ಕಂತು ಬಂತು. ಈಜಿಪ್ಟಿನ ರಾಮ್ಸೆಸ್ ರಾಜನ ಭೂತ ಬರುವ ಕಂತು ನೋಡಿದವರು ಯಾರೂ ಮರೆತಿಲ್ಲ. ಉಳಿದದ್ದೆಲ್ಲ ಕೈಯಲ್ಲಿ ಬರೆದ ಚಿತ್ರದಂತಿರುವಾಗ ಅವನೊಬ್ಬ ಮಾತ್ರ ಕಂಪ್ಯೂಟರ್‌ನಲ್ಲಿ ಮಾಡಿದ ಆಕೃತಿ. ಕತ್ತಲಲ್ಲಿ ದೂರ ನಿಂತು, ತನ್ನ ಸಮಾಧಿಯಿಂದ ಕದ್ದ ಕಲ್ಲಿನ ಫಲಕ ವಾಪಸ್ ಕೊಡು ಅನ್ನುತ್ತಾನೆ, ಅಷ್ಟೇ. ಅವನು ಆ ಲೋಕಕ್ಕೆ ಸೇರಿದವನಲ್ಲ ಅಂತ ಕಣ್ಣಿಗೆ ಮೊದಲೇ ಗೊತ್ತಾಗಿಬಿಡುತ್ತದೆ.

ನನಗೆ ಇನ್ನೂ ಇಷ್ಟವಾಗಿದ್ದು ಫ್ರೆಡ್‌ನ ಕಂತು. ಅವನು ಮ್ಯೂರಿಯಲ್‌ಳ ಸಂಬಂಧಿಕರ ಹುಡುಗ, ಕ್ಷೌರಿಕ. ಬಾತ್‌ರೂಮಿನಲ್ಲಿ ಕರೇಜ್ ಜೊತೆ ಸೇರಿಕೊಂಡು, ಪ್ರಾಸಕಟ್ಟಿ ಮಾತಾಡುತ್ತಾ, ಮುಖದ ಮೇಲಿನ ಆ ನಗು ಒಂಚೂರೂ ಅಲುಗದ ಹಾಗೆ, ನಿಧಾನಕ್ಕೆ ಅವನ ಕೂದಲು ಬೋಳಿಸುತ್ತಾ ಹೋಗುತ್ತಾನೆ. ರಕ್ತವಿಲ್ಲ, ಹೊಡೆದಾಟವಿಲ್ಲ. ಆದರೂ ಉಸಿರು ಬಿಗಿಹಿಡಿದು ನೋಡಿದೆ.

ಎಲ್ಲ ಕಂತೂ ಹೀಗಿಲ್ಲ. ಯೂಸ್ಟಸ್ ಮುಖವಾಡ ಹಾಕಿ ಬೆಚ್ಚಿಬೀಳಿಸುವುದು ಬರಬರುತ್ತಾ ಬೇಜಾರು ಬರಿಸುತ್ತದೆ. ಆದರೆ ಕರೇಜ್ ಗಡಗಡ ನಡುಗುತ್ತಾ, ಕಿರುಚುತ್ತಾ, ಕೊನೆಗೂ ಮ್ಯೂರಿಯಲ್‌ಗೋಸ್ಕರ ಅದೇ ಬಾಗಿಲು ತೆಗೆದು ಒಳಗೆ ಹೋಗುತ್ತಾನಲ್ಲ, ಅದು ಒಂದು ಸಲವೂ ಹಳತಾಗಲಿಲ್ಲ. ಹೊಸದಾಗಿ ನೋಡುವವರು ಫ್ರೆಡ್‌ನಿಂದ ಶುರು ಮಾಡಿ, ಆಮೇಲೆ ರಾಮ್ಸೆಸ್. ಮನೆಯಲ್ಲಿ ತೀರಾ ಚಿಕ್ಕ ಮಕ್ಕಳಿದ್ದರೆ ಝಿಮ್ ಸದ್ಯಕ್ಕೆ ಬೇಡ.