ರೆಕಾರ್ಡಿಂಗ್‌ಗೆ ಯಾವ ಲಿನಕ್ಸ್? ಉಬುಂಟು ಸ್ಟುಡಿಯೋ, ಫೆಡೋರಾ ಜ್ಯಾಮ್, ಆರ್ಚ್

ಉಬುಂಟು ಸ್ಟುಡಿಯೋ, ಫೆಡೋರಾ ಜ್ಯಾಮ್, ಆರ್ಚ್ ಮೂರೂ ಲಿನಕ್ಸ್ ಡಿಸ್ಟ್ರೋಗಳು, ಅಂದರೆ ಲಿನಕ್ಸ್‌ನ ಬೇರೆ ಬೇರೆ ರೂಪಗಳು. ಸೌಂಡ್ ವಿಷಯಕ್ಕೆ ಬಂದರೆ ಮೂರರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ಲ್ಯಾಪ್‌ಟಾಪ್, ಎರಡು ಇನ್‌ಪುಟ್ ಇರುವ ಅದೇ ಯುಎಸ್‌ಬಿ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ), ಅದೇ ಕೆಲಸ: ಆರ್ಡೌರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಹಾಡು ಮತ್ತು ಪಿಟೀಲು ರೆಕಾರ್ಡ್ ಮಾಡುವುದು. 48,000 ಹರ್ಟ್ಸ್, 128 ಫ್ರೇಮ್ ಬಫರ್ (ಸೌಂಡನ್ನು ಒಂದು ಸಲಕ್ಕೆ ಎಷ್ಟೆಷ್ಟು ತುಂಡಾಗಿ ಕಳಿಸಬೇಕು ಅನ್ನುವ ಅಳತೆ) ಇಟ್ಟರೂ ಎಲ್ಲೂ ಚಟಪಟ ಸದ್ದು ಬರಲಿಲ್ಲ. ಆ ಬಫರ್ ಅಂದರೆ ಸುಮಾರು 2.7 ಮಿಲಿಸೆಕೆಂಡ್ ತಡ. ಇಂಟರ್‌ಫೇಸ್‌ನ ತಡವೂ ಸೇರಿದರೆ ಇನ್ನಷ್ಟು ಆಗುತ್ತದೆ, ಆದರೆ ಹೆಡ್‌ಫೋನ್ ಹಾಕಿಕೊಂಡು ಹಾಡುವವರಿಗೆ ಅದು ಗೊತ್ತಾಗಲಿಲ್ಲ.

ಇದಕ್ಕೆ ಕಾರಣ ಪೈಪ್‌ವೈರ್, ಲಿನಕ್ಸ್‌ನಲ್ಲಿ ಸೌಂಡ್ ನೋಡಿಕೊಳ್ಳುವ ಸಾಫ್ಟ್‌ವೇರ್. ಮೊದಲು ಬ್ರೌಸರ್‌ಗೆ ಪಲ್ಸ್‌ಆಡಿಯೋ, ರೆಕಾರ್ಡಿಂಗ್‌ಗೆ ಜ್ಯಾಕ್ ಅಂತ ಎರಡನ್ನೂ ಸಂಭಾಳಿಸಬೇಕಿತ್ತು. ಜ್ಯಾಕ್ ಶುರು ಮಾಡಿದರೆ ಯೂಟ್ಯೂಬ್ ಬಾಯಿ ಮುಚ್ಚುತ್ತಿತ್ತು. ಈಗ ಎರಡರ ಕೆಲಸವನ್ನೂ ಪೈಪ್‌ವೈರ್ ನೋಡಿಕೊಳ್ಳುತ್ತದೆ. ಫೆಡೋರಾ ಇದನ್ನು 2021ರಲ್ಲಿ, ತನ್ನ 34ನೇ ಆವೃತ್ತಿಯಲ್ಲೇ ಡೀಫಾಲ್ಟ್ ಮಾಡಿತು. ಉಳಿದವರು ಆಮೇಲೆ ಬಂದರು. ವರ್ಷಗಟ್ಟಲೆ ಹೊರಗಡೆಯೇ ಇದ್ದ ರಿಯಲ್‌ಟೈಮ್ ಪ್ಯಾಚ್ (ಸೌಂಡಿನಂಥ ತುರ್ತು ಕೆಲಸ ಹೊತ್ತಿಗೆ ಸರಿಯಾಗಿ ನಡೆಯುವಂತೆ ಮಾಡುವ ತಿದ್ದುಪಡಿ) ಕೂಡ ಲಿನಕ್ಸ್‌ನ ತಿರುಳಾದ ಕರ್ನಲ್‌ನ, 2024ರಲ್ಲಿ ಬಂದ 6.12 ಆವೃತ್ತಿಗೆ ಸೇರಿಕೊಂಡಿದೆ. ಹಾಗಾಗಿ ಡಿಸ್ಟ್ರೋ ಆರಿಸುವಾಗ ನಾನು ನೋಡುವುದು ಪ್ಯಾಕೇಜ್‌ಗಳನ್ನು, ಅಂದರೆ ಸಾಫ್ಟ್‌ವೇರ್ ಬರುವ ಗಂಟುಗಳನ್ನು. ಹಾಕುವುದು ಎಷ್ಟು ಸುಲಭ? ಅದಕ್ಕಿಂತ ಮುಖ್ಯ, ಕೈಕೊಟ್ಟರೆ ಹಿಂದಕ್ಕೆ ಹೋಗುವುದು ಎಷ್ಟು ಸುಲಭ?

ಹೊಸ ಹೊಸ ಪ್ಲಗಿನ್ (ಆರ್ಡೌರ್‌ಗೆ ಸೇರಿಸುವ ವಾದ್ಯ, ಎಫೆಕ್ಟ್) ಹಾಕಿ ನೋಡುವ ಚಟ ಇದ್ದವರಿಗೆ ಫೆಡೋರಾ ಜ್ಯಾಮ್ ಚೆನ್ನಾಗಿದೆ. ಪ್ಯಾಕೇಜ್ ಹಾಕುವ, ತೆಗೆಯುವ ಅದರ ಡಿಎನ್‌ಎಫ್ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಒಂದು ಸಿಂಥ್ ಹಾಕಿದಿರಿ, ಜೊತೆಗೆ ರಾಶಿ ಲೈಬ್ರರಿಗಳು ಬಂದವು, ಇಷ್ಟ ಆಗಲಿಲ್ಲ. ಹಿಸ್ಟರಿ ನೋಡಿ ಅನ್‌ಡು ಅಂದರೆ ಬಂದದ್ದೆಲ್ಲ ವಾಪಸ್ ಹೋಗುತ್ತದೆ. ಆದರೆ ಅಪ್‌ಡೇಟನ್ನು ಅನ್‌ಡು ಮಾಡಲು ಹೊರಟರೆ ಹಳೆಯ ಪ್ಯಾಕೇಜ್ ಸರ್ವರ್‌ನಲ್ಲೇ ಇಲ್ಲದೆ ಹೋಗಬಹುದು. ಬೇಕಾದ ಹೊತ್ತಿಗೇ ಹೀಗಾದರೆ ಏನು ಪ್ರಯೋಜನ, ಅಲ್ವಾ? ಜೊತೆಗೆ ಒಂದು ಆವೃತ್ತಿಗೆ ಬೆಂಬಲ ಸಿಗುವುದು ಸುಮಾರು 13 ತಿಂಗಳು ಅಷ್ಟೇ. ಸಂಗೀತ ಕಛೇರಿಯ ವಿಡಿಯೋ ಎಡಿಟ್ ಮಾಡಲು ಪೂರ್ತಿ ಎಫ್‌ಎಫ್‌ಎಂಪೆಗ್ (ವಿಡಿಯೋ ಓದುವ, ಬರೆಯುವ ಸಾಫ್ಟ್‌ವೇರ್) ಬೇಕೆಂದರೆ ಆರ್‌ಪಿಎಂ ಫ್ಯೂಷನ್ ಅನ್ನುವ ಹೊರಗಿನ ಪ್ಯಾಕೇಜ್ ಭಂಡಾರ (ರೆಪೊ) ಸೇರಿಸಿಕೊಳ್ಳಬೇಕು.

ಆರ್ಚ್ ಬಗ್ಗೆ ಜನ ಸುಮ್ನೆ ಹೆದರಿಸುತ್ತಾರೆ. ಆಡಿಯೋ ಮಟ್ಟಿಗೆ ಅದರಷ್ಟು ತುಂಬಿದ ಅಂಗಡಿ ನಾನು ನೋಡಿಲ್ಲ. 'ಪ್ರೋ-ಆಡಿಯೋ' ಅನ್ನುವ ಗುಂಪಿನ ಹೆಸರು ಹೇಳಿದರೆ ಪಟ್ಟಿಯೇ ಮುಂದೆ ಬರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಅಲ್ಲೂ ಇಲ್ಲದ್ದು ಎಯುಆರ್ ಅನ್ನುವ ಬಳಕೆದಾರರ ಭಂಡಾರದಲ್ಲಿ ಸಿಗುತ್ತದೆ. ಅಲ್ಲಿನವು ಬಳಕೆದಾರರೇ ಬರೆದ ಸ್ಕ್ರಿಪ್ಟ್‌ಗಳು, ಓದಿ ನೋಡಿಯೇ ಹಾಕಿ. ರಿಯಲ್‌ಟೈಮ್ ಅನುಮತಿಗೆ (ಸೌಂಡ್ ಕೆಲಸಕ್ಕೆ ಮೊದಲ ಆದ್ಯತೆ ಸಿಗಲು) ಮಾತ್ರ ಬೇರೆ ಪ್ಯಾಕೇಜ್ ಹಾಕಿ, ನಿಮ್ಮನ್ನು ನೀವೇ ಆ ಅನುಮತಿ ಇರುವ ಬಳಕೆದಾರರ ಗ್ರೂಪ್‌ಗೆ ಸೇರಿಸಿಕೊಳ್ಳಬೇಕು. ಹಿಂದಕ್ಕೆ ಹೋಗುವುದರಲ್ಲಿ ಆರ್ಚ್ ಫೆಡೋರಾಗಿಂತ ವಾಸಿ: ಅದರಲ್ಲಿ ಪ್ಯಾಕೇಜ್ ಹಾಕುವ ಪ್ಯಾಕ್‌ಮ್ಯಾನ್ ಹಳೆಯ ಪ್ಯಾಕೇಜ್‌ಗಳನ್ನು ನಿಮ್ಮ ಡಿಸ್ಕ್‌ನಲ್ಲೇ ಉಳಿಸಿರುತ್ತದೆ, ನೀವು ಅಳಿಸದಿದ್ದರೆ.

ತೊಂದರೆ ಇರುವುದು ಬೇರೆ ಕಡೆ. ಆರ್ಚ್‌ನಲ್ಲಿ ಅರ್ಧಂಬರ್ಧ ಅಪ್‌ಡೇಟ್‌ಗೆ ಬೆಂಬಲ ಇಲ್ಲ. ನಾಳೆ ರೆಕಾರ್ಡಿಂಗ್, ಇವತ್ತು ಒಂದೇ ಒಂದು ರಿವರ್ಬ್ (ಪ್ರತಿಧ್ವನಿ ಕೊಡುವ ಪ್ಲಗಿನ್) ಬೇಕು ಅಂದರೂ ಇಡೀ ಸಿಸ್ಟಮ್ ಅಪ್‌ಡೇಟ್ ಮಾಡುವುದೇ ಸರಿಯಾದ ದಾರಿ. ಕರ್ನಲ್ ಬದಲಾಗುತ್ತದೆ, ಪೈಪ್‌ವೈರ್ ಬದಲಾಗುತ್ತದೆ, ಆರ್ಡೌರ್ ಕೂಡ. ಹೊಸ ಆರ್ಡೌರ್‌ನಲ್ಲಿ ಸೇವ್ ಮಾಡಿದ ಸೆಷನ್ ಹಳೆಯದರಲ್ಲಿ ಸರಿಯಾಗಿ ತೆರೆಯುತ್ತದೆ ಅನ್ನುವ ಖಾತರಿಯೂ ಇಲ್ಲ. ನನ್ನ ಮನೆಯ ಡೆಸ್ಕ್‌ಟಾಪ್‌ನಲ್ಲಿ ಆರ್ಚ್ ಇದೆ. ರೆಕಾರ್ಡಿಂಗ್ ಲ್ಯಾಪ್‌ಟಾಪ್‌ಗೆ ಮಾತ್ರ ಅದನ್ನು ಹತ್ತಿರ ಬಿಡುವುದಿಲ್ಲ.

ಆ ಲ್ಯಾಪ್‌ಟಾಪ್‌ನಲ್ಲಿ ಉಳಿದದ್ದು ಉಬುಂಟು ಸ್ಟುಡಿಯೋ 24.04. ಆರ್ಡೌರ್, ಪ್ಲಗಿನ್ ನಡೆಸುವ ಕಾರ್ಲಾ, ಪ್ಲಗಿನ್‌ಗಳ ದೊಡ್ಡ ಗಂಟು, ಸೌಂಡಿನ ತಡ ಕಡಿಮೆ ಮಾಡುವ ಲೋ-ಲೇಟೆನ್ಸಿ ಕರ್ನಲ್, ಆಡಿಯೋ ಅನುಮತಿ ಎಲ್ಲ ಮೊದಲೇ ಸಿದ್ಧ. ಬೆಂಬಲ 3 ವರ್ಷ, 2027ರ ಏಪ್ರಿಲ್‌ವರೆಗೆ. ಆರ್ಡೌರ್ 8ರ ಸರಣಿಯಲ್ಲೇ ನಿಂತಿದೆ ಅನ್ನುವುದು ಕೆಲವರಿಗೆ ಕೊರತೆ, ನನಗೆ ಅದೇ ಬೇಕಾಗಿತ್ತು. ಬರುವ ಅಪ್‌ಡೇಟ್‌ಗಳು ಹೆಚ್ಚಾಗಿ ಭದ್ರತೆಗೆ ಮತ್ತು ಬಗ್‌ಗಳಿಗೆ ಸಂಬಂಧಿಸಿದವು. ಫೈರ್‌ಫಾಕ್ಸ್ ಸ್ನ್ಯಾಪ್ (ಉಬುಂಟುವಿನ ಬೇರೆಯೇ ಬಗೆಯ ಪ್ಯಾಕೇಜ್) ಆಗಿ ಬರುವುದು ಕಿರಿಕಿರಿ, ಆದರೆ ಬ್ರೌಸರ್‌ಗೂ ಹಾಡಿಗೂ ಸಂಬಂಧ ಇಲ್ಲ ಅಂತ ಸುಮ್ಮನಿದ್ದೇನೆ.

ಈಗಾಗಲೇ ಉಬುಂಟು ಅಥವಾ ಕುಬುಂಟು ಬಳಸುತ್ತಿದ್ದರೆ ಡಿಸ್ಕ್ ಅಳಿಸುವ ಗೋಜೇ ಬೇಡ. ಉಬುಂಟು ಸ್ಟುಡಿಯೋ ಇನ್‌ಸ್ಟಾಲರ್ ಅನ್ನುವ ಪ್ಯಾಕೇಜ್ ಹಾಕಿ, ಅದರಲ್ಲಿ ಆಡಿಯೋ ಆರಿಸಿದರೆ ಸಾಕು.