ಕೊಲೆ ಕೇಸಿನಲ್ಲಿ ಮನೋದೌರ್ಬಲ್ಯದ ವಾದ: ಇಂಗ್ಲೆಂಡ್ ಮಾದರಿಯೋ, ನ್ಯೂ ಸೌತ್ ವೇಲ್ಸ್ ಮಾದರಿಯೋ?

ನಮ್ಮ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನಲ್ಲಿ ನಡುದಾರಿಯಿಲ್ಲ: ಬುದ್ಧಿವಿಕಲತೆ ರುಜುವಾದರೆ ಬಿಡುಗಡೆ, ಇಲ್ಲವಾದರೆ ಕೊಲೆಗಾರ. ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಮಾದರಿಗಳಲ್ಲಿ, ಮನೋದೌರ್ಬಲ್ಯ ರುಜುವಾದರೆ ಅಪರಾಧ ಒಂದು ಮೆಟ್ಟಿಲು ಇಳಿದು, ಕೊಲೆಯ ಬದಲು ಕಡಿಮೆ ದರ್ಜೆಯ ನರಹತ್ಯೆಯಾಗುತ್ತದೆ, ಅಷ್ಟೇ. ರುಜುವಾತಿನ ಹೊಣೆ ಎರಡರಲ್ಲೂ ಆರೋಪಿಯದೇ.

ಖಚಿತತೆ ಬೇಕಿದ್ದರೆ ಇಂಗ್ಲೆಂಡಿನದು. 1957ರ ಕಾಯ್ದೆಯ 'ಮಾನಸಿಕ ಹೊಣೆ' ಎಂಬ ಮಸುಕು ಮಾತನ್ನು 2009ರ ತಿದ್ದುಪಡಿ ಕಿತ್ತುಹಾಕಿತು. ಈಗ ವೈದ್ಯಶಾಸ್ತ್ರ ಒಪ್ಪಿದ ಕಾಯಿಲೆಯಿರಬೇಕು. ಅದು ತಿಳಿವಳಿಕೆ, ವಿವೇಚನೆ, ಸಂಯಮ ಇವುಗಳಲ್ಲಿ ಒಂದನ್ನಾದರೂ ಗಣನೀಯವಾಗಿ ಕುಗ್ಗಿಸಿರಬೇಕು. ಕೃತ್ಯಕ್ಕೆ ವಿವರಣೆಯೂ ಆಗಬೇಕು. ತೊಡಕೆಂದರೆ, ತೀರ್ಪು ಮನೋವೈದ್ಯರ ವರದಿಗೆ ಜೋತುಬೀಳುತ್ತದೆ. ನರಳುವ ಹೆಂಡತಿಯನ್ನು ಕರುಣೆಯಿಂದ ಕೊಂದ ಮುದುಕನಿಗೆ ಕಾಯಿಲೆಯ ಹೆಸರಿಲ್ಲದಿದ್ದರೆ ಈ ಬಾಗಿಲು ಮುಚ್ಚಿದಂತೆಯೇ.

ಜನರ ನೈತಿಕ ತೀರ್ಮಾನವೇ ಮುಖ್ಯ ಎನ್ನುವವರಿಗೆ ನ್ಯೂ ಸೌತ್ ವೇಲ್ಸ್. ಅಲ್ಲಿ ಆರೋಪ ಇಳಿಸುವಷ್ಟು ದೌರ್ಬಲ್ಯವಿತ್ತೇ ಎಂಬುದು ಜ್ಯೂರಿಯ, ಅಂದರೆ ಸಾಮಾನ್ಯ ನಾಗರಿಕರ ತೀರ್ಪುಮಂಡಳಿಯ, ಪ್ರಶ್ನೆ. ಅದರ ಬಗ್ಗೆ ತಜ್ಞರು ಅಭಿಪ್ರಾಯ ಹೇಳುವಂತೆಯೇ ಇಲ್ಲ. ಜ್ಯೂರಿಯೇ ಇಲ್ಲದ ನಮ್ಮಂಥಲ್ಲಿ ಆ ಭಾರ ನ್ಯಾಯಾಧೀಶರ ತಲೆಗೇ.